ದಂಡಿನ ಉಗ್ರಾಣದ ಎದೆಪಟ್ಟಿ

ಜಂಗಮಕೋಟೆ

ಇಂಗ್ಲೆಂಡಿಗೆ ಹೋಗಿ ಬಂದವರು ಸಾಮಾನ್ಯವಾಗಿ ಲಂಡನ್ನಿನ ಸೇತುವೆ, ರಾಣಿಯ ಅರಮನೆ, ನೆಲದೊಳಗೆ ಓಡುವ ರೈಲು ಇವುಗಳ ಬಗ್ಗೆ ಬರೆಯುತ್ತಾರೆ. ನಾನೂ ಅವನ್ನೆಲ್ಲ ನೋಡಿದೆ. ಅರಮನೆಯ ಗೇಟಿನ ಮುಂದೆ ನಿಂತು ಕಾಲು ನೋಯಿಸಿಕೊಂಡದ್ದು ಬಿಟ್ಟರೆ ಹೇಳುವಂಥದ್ದೇನೂ ನನಗೆ ಸಿಗಲಿಲ್ಲ. ನನಗೆ ಬರೆಯಬೇಕೆನ್ನಿಸಿರುವುದು ಆ ದೇಶದ ನಟ್ಟನಡುವೆ, ಒಂದು ಹಳ್ಳಿಯ ಪಕ್ಕದಲ್ಲಿರುವ ದಂಡಿನ ಉಗ್ರಾಣದ ಬಗ್ಗೆ. ಸೈನ್ಯದ ಕೋವಿ, ಮದ್ದು, ಜೀನು, ಲಗಾಮು ಇಡುವುದಕ್ಕೆಂದು ಹಿಂದಿನವರು ಕಟ್ಟಿದ ಕಟ್ಟಡಗಳು ಅವು. ಅವನ್ನು ನೋಡಲು ಯಾರೂ ಹೋಗುವುದಿಲ್ಲ. ನಾನು ಹೋದದ್ದು ನಮ್ಮಪ್ಪನ ದೆಸೆಯಿಂದ.

ನಮ್ಮಪ್ಪ ಚರ್ಮದ ಕೆಲಸದವನು. ಜಂಗಮಕೋಟೆಯ ನಮ್ಮ ಕೇರಿಯವರೆಲ್ಲ ಅದೇ ಕೆಲಸದವರು. ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಊರಿಗೆ ಊರೇ ರೇಷ್ಮೆಹುಳು ಸಾಕುತ್ತದೆ. ಹುಳುಮನೆಗೆ ವಾಸನೆ ತಾಕಬಾರದು, ಆದ್ದರಿಂದ ಚರ್ಮ ಹದ ಮಾಡುವ ನಾವು ಊರಾಚೆ ಇರಬೇಕು ಎಂದು ಚಿಕ್ಕಂದಿನಲ್ಲಿ ನನಗೆ ಹೇಳಿದ್ದರು. ಹುಳು ಸಾಕದ ಊರುಗಳಲ್ಲೂ ನಮ್ಮವರು ಊರಾಚೆಯೇ ಇದ್ದಾರೆ ಎಂಬುದು ದೊಡ್ಡವನಾದ ಮೇಲೆ ಗೊತ್ತಾಯಿತು.

ಎರಡನೇ ಲಡಾಯಿಯ ಕಾಲದಲ್ಲಿ ಅಪ್ಪ ಬೆಂಗಳೂರು ದಂಡಿನಲ್ಲಿ ಒಬ್ಬ ಗುತ್ತಿಗೆದಾರನ ಕಾರ್ಖಾನೆಗೆ ಸೇರಿದ್ದ. ಬೆಟ್ಟಗಳಲ್ಲಿ ಫಿರಂಗಿ ಹೊರುವ ಹೇಸರಗತ್ತೆಗಳಿಗೆ ಎದೆಪಟ್ಟಿ ಹೊಲಿಯುವುದು ಅವನ ಕೆಲಸ. ಗೋಡೆಯ ಮೇಲೆ ಒಂದು ಎದೆಪಟ್ಟಿ ತೂಗುಹಾಕಿದ್ದರಂತೆ. ಅದು ಸೀಮೆಯಿಂದ, ಅಂದರೆ ಇಂಗ್ಲೆಂಡಿನಿಂದ, ಬಂದ ಮಾದರಿ. ಎಲ್ಲರೂ ಅದನ್ನು ನೋಡಿಕೊಂಡೇ ಹೊಲಿಯಬೇಕು, ಕೂದಲೆಳೆಯಷ್ಟೂ ಆಚೀಚೆ ಆಗಬಾರದು.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಚರ್ಮದ ಎರಡು ಪದರ ಸೇರಿಸಿ ಹೊಲಿದುಕೊಂಡು ಕೊನೆಗೆ ಬಂದಾಗ ದಾರ ಬಿಚ್ಚಿಕೊಳ್ಳದ ಹಾಗೆ ಭದ್ರ ಮಾಡಬೇಕು. ಸಾಮಾನ್ಯವಾಗಿ ಕೊನೆಯ ಎರಡು ಮೂರು ಹೊಲಿಗೆಗಳ ಮೇಲೆ ದಾರವನ್ನು ಹಿಂದಕ್ಕೆ ತಂದು ಇನ್ನೊಮ್ಮೆ ಹೊಲಿಯುತ್ತಾರೆ. ಅಷ್ಟು ಜಾಗದಲ್ಲಿ ಹೊಲಿಗೆ ದಪ್ಪಗೆ ಕಾಣುತ್ತದೆ. ಗೋಡೆಯ ಮೇಲಿದ್ದ ಮಾದರಿಯಲ್ಲಿ ಆ ದಪ್ಪ ಹೊಲಿಗೆ ಇರಲಿಲ್ಲ ಎಂಬುದು ಅಪ್ಪನ ಮಾತು. ಹೊರಗೆ ಇಲ್ಲ ಎಂದ ಮೇಲೆ, ಅದನ್ನು ಮಾಡಿದವನು ದಾರವನ್ನು ಎರಡು ಪದರಗಳ ಒಳಗೇ ಗಂಟು ಹಾಕಿ ಮುಚ್ಚಿರಬೇಕು, ಪ್ರಾಣಿಯ ಎದೆಗೆ ಒತ್ತಿ ಹುಣ್ಣಾಗದಿರಲಿ ಎಂದು. ಎತ್ತಿನ ಕೊರಳಪಟ್ಟಿಗೆ ಅಪ್ಪ ಊರಿನಲ್ಲಿ ಮಾಡುತ್ತಿದ್ದದ್ದೂ ಹಾಗೆಯೇ. ಕಾರ್ಖಾನೆಯಲ್ಲೂ ಹಾಗೆಯೇ ಮಾಡಿದ.

ತಪಾಸಣೆಗೆ ಬಂದ ಅಧಿಕಾರಿ ಅಪ್ಪನ ಪಟ್ಟಿಗಳನ್ನು ತೆಗೆದು ನೋಡಿ, ಕೊನೆಯಲ್ಲಿ ದಪ್ಪ ಹೊಲಿಗೆ ಇಲ್ಲ, ಇದು ಮೋಸದ ಕೆಲಸ ಎಂದ. ಅಪ್ಪ ಗೋಡೆಯ ಕಡೆ ಕೈ ತೋರಿಸಿದ. ಆತ ಆ ಕಡೆ ತಿರುಗಿಯೂ ನೋಡಲಿಲ್ಲ. ಮಾರನೆಯ ದಿನ ಅಪ್ಪ ಊರಿಗೆ ಬಂದ. ಜೊತೆಗೆ ಕೆಲಸಕ್ಕೆ ಹೋಗಿದ್ದ ಕೇರಿಯವರು ರಜೆಗೆ ಬಂದಾಗ ಆ ಮಾತನ್ನೂ ಹೊತ್ತು ತಂದರು. ಕೆಲಸ ಹೋದದ್ದಕ್ಕೆ ಅಪ್ಪ ಒಂದು ದಿನವೂ ಕೊರಗಿದ್ದನ್ನು ನಾನು ನೋಡಲಿಲ್ಲ. ಆದರೆ ಮೋಸ ಎಂಬ ಮಾತು ಅವನನ್ನು ಬಿಡಲಿಲ್ಲ. ಆಮೇಲೆ ಬಾವಿಯಿಂದ ನೀರೆತ್ತುವ ಕಪಿಲೆಯ ಚರ್ಮದ ಬಾನಿ ಹೊಲಿದ, ಚಪ್ಪಲಿ ಹೊಲಿದ, ಬೆಂಗಳೂರಿನ ಕಡೆ ಮಾತ್ರ ತಲೆ ಹಾಕಲಿಲ್ಲ.

ಚರ್ಮದ ವಿದ್ಯೆ ಕಲಿಯಲು ಸರ್ಕಾರ ನನ್ನನ್ನು ಇಂಗ್ಲೆಂಡಿಗೆ ಕಳಿಸುತ್ತದೆ ಎಂದು ತಿಳಿದಾಗ ಅಮ್ಮ ಅತ್ತಳು, ಕೇರಿಯವರು ಹಾರ ಹಾಕಿದರು. ಅಪ್ಪ ಶಿಡ್ಲಘಟ್ಟದ ಸ್ಟೇಷನ್ನಿನವರೆಗೆ ಬಂದ. ರೈಲು ಕೂಗಿದ ಮೇಲೆ ಕಿಟಕಿಯ ಹತ್ತಿರ ಬಂದು ಹೇಳಿದ:

"ಮುನೀ, ಆ ಮಾದ್ರಿ ಎಲ್ಲಿಂದ ಬಂತೋ ಆ ಜಾಗ ಅಲ್ಲೇ ಎಲ್ಲೋ ಇರ್ತೈತೆ. ಸಿಕ್ಕಿದ್ರೆ ಒಂದ್ಸಾರಿ ನೋಡ್ಕೊಂಡು ಬಾ ಕಣಪ್ಪಾ. ನಾನು ಸುಳ್ಳೇಳಿಲ್ಲ ಅಂತ ನನಗ್ ಗೊತ್ತು. ನಿನಗೂ ಗೊತ್ತಾಗ್ಲಿ."

ಅಷ್ಟು ದಿನ ನಾನು ಅವನನ್ನು ನಂಬಿರಲಿಲ್ಲ ಎಂದು ಅವನಿಗೆ ಅನ್ನಿಸಿತ್ತೆಂದು ಅವತ್ತು ತಿಳಿದು ಬಹಳ ಬೇಸರವಾಯಿತು.

ನಾರ್ಥಾಂಪ್ಟನ್

ಚಿಕ್ಕಬಳ್ಳಾಪುರದಿಂದ ಚಿಂತಾಮಣಿಗೆ ಹೋಗುವ ನಮ್ಮ ಪುಟ್ಟ ರೈಲಿನಲ್ಲಿ ಏರು ಬಂದಾಗ ಇಳಿದು ಪಕ್ಕದಲ್ಲಿ ನಡೆದರೂ ಅದರ ಜೊತೆಗೇ ಊರು ಸೇರಬಹುದು. ಆ ಅಭ್ಯಾಸದವನಿಗೆ ಇಂಗ್ಲೆಂಡಿನ ರೈಲು ಹೆದರಿಕೆ ಹುಟ್ಟಿಸಿತು. ಡಬ್ಬಿಯಲ್ಲಿ ಎಂಟು ಜನ ಎದುರುಬದುರು ಕೂತು, ಒಬ್ಬರಿಗೊಬ್ಬರು ಒಂದು ಮಾತೂ ಆಡದೆ ಪೇಪರು ಹಿಡಿದು ಪ್ರಯಾಣ ಮಾಡುತ್ತಾರೆ. ನಮ್ಮ ಕಡೆಯಾಗಿದ್ದರೆ ಯಲಹಂಕ ದಾಟುವಷ್ಟರಲ್ಲಿ ಯಾವೂರು, ಯಾರ ಪೈಕಿ, ಮದುವೆ ಆಗಿದೆಯಾ ಎಂಬುದೆಲ್ಲ ಮುಗಿದಿರುತ್ತಿತ್ತು. ಯಾರ ಪೈಕಿ ಎಂದು ಕೇಳಿದಾಗ ಕಿಟಕಿಯ ಕಡೆ ಮುಖ ತಿರುಗಿಸಿ ಅಭ್ಯಾಸವಾಗಿದ್ದ ನನಗೆ ಆ ಮೌನ ಹಿತವಾಯಿತು. ಒಂದು ತಿಂಗಳಾದ ಮೇಲೆ ಅದೇ ಮೌನ ತಲೆ ತಿನ್ನತೊಡಗಿತು, ಅದು ಬೇರೆ ಮಾತು.

ನಾರ್ಥಾಂಪ್ಟನ್ ಜೋಡು ಹೊಲಿಯುವವರ ಊರು. ಚರ್ಮದ ವಾಸನೆ ಚರ್ಚಿನ ಬೀದಿಯಲ್ಲೂ ಇರುತ್ತದೆ, ಬ್ಯಾಂಕಿನ ಬೀದಿಯಲ್ಲೂ ಇರುತ್ತದೆ. ನಾನು ಇಳಿದುಕೊಂಡಿದ್ದ ಮನೆಯ ಯಜಮಾನಿ ತನ್ನ ತಾತ ಬೂಟು ಹೊಲಿಯುತ್ತಿದ್ದ ಎಂದು ಮೊದಲ ದಿನವೇ ಹೇಳಿದಳು, ನಾನು ಕೇಳದೆಯೇ. ಯಾಕೆ ಹೇಳುತ್ತಿದ್ದಾಳೆ ಎಂದು ನನಗೆ ಗಾಬರಿಯಾಯಿತು. ಆಮೇಲೆ ನೋಡಿದರೆ ಅದು ಹೆಮ್ಮೆ!

ಅದೇ ಮನೆಯ ಇನ್ನೊಂದು ಕೋಣೆಯಲ್ಲಿ ಗೌರಿಬಿದನೂರಿನ ನಂಜುಂಡರೆಡ್ಡಿ ಇದ್ದ. ಜಮೀನು, ಪಂಪ್‌ಸೆಟ್ಟು, ತೋಟ ಎಲ್ಲ ಇರುವ ಮನೆತನದ ಹುಡುಗ. ಬೂಟು ತಯಾರಿಸುವ ಯಂತ್ರಗಳ ಕಾರ್ಖಾನೆಯಲ್ಲಿ ತರಬೇತಿಗೆ ಬಂದಿದ್ದ. ಕನ್ನಡ ಕೇಳಿದ್ದೇ ತಡ, ತಬ್ಬಿಕೊಂಡು, "ಯಾವೂರಪ್ಪಾ? ಯಾರ ಪೈಕಿ?" ಎಂದ. ಏಳು ಸಮುದ್ರ ದಾಟಿ ಬಂದರೂ ಆ ಪ್ರಶ್ನೆ ತಪ್ಪಲಿಲ್ಲ. ಹೇಳಿದೆ. ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ ಪೆಟ್ಟಿಗೆ ತೆರೆದು, "ಉಪ್ಪಿನಕಾಯಿ ಐತೆ, ತಟ್ಟೆ ತಗೊಂಡ್ ಬಾ" ಎಂದ. ಆ ಒಂದು ಗಳಿಗೆಯನ್ನು ನಾನು ಮರೆತಿಲ್ಲ, ಉಪ್ಪಿನಕಾಯಿಯನ್ನೂ ಮರೆತಿಲ್ಲ.

ಚಳಿ ಶುರುವಾಗುವ ಹೊತ್ತಿಗೆ ಕಾಲೇಜಿನ ಮೇಷ್ಟ್ರು ನನ್ನನ್ನು ಕರೆದು, ಹತ್ತಿರದ ದಂಡಿನ ಉಗ್ರಾಣವನ್ನು ಸೈನ್ಯದವರು ಬಿಟ್ಟು ಹೋಗುತ್ತಿದ್ದಾರೆ, ಹಳೆಯ ಜೀನು ಲಗಾಮು ಪಾಠಕ್ಕೆ ಬೇಕಿದ್ದರೆ ಕೊಡುತ್ತಾರಂತೆ, ಹೋಗಿ ಆರಿಸಿಕೊಂಡು ಬಾ ಎಂದರು. ಅಲ್ಲಿ ಮಾದರಿಗಳೇನಾದರೂ ಇವೆಯೇ ಎಂದು ಕೇಳಿದೆ. ಸೈನ್ಯದ ಪ್ರತಿಯೊಂದು ಸಾಮಾನಿಗೂ ಅರಗಿನ ಮುದ್ರೆ ಒತ್ತಿದ ಒಂದು ಮೂಲ ಮಾದರಿ ಇರುತ್ತದೆ, ಕಾರ್ಖಾನೆಗಳಿಗೆ ಹೋಗುವುದು ಅದರ ಪ್ರತಿ, ಲೋಕದ ಯಾವ ಮೂಲೆಯಲ್ಲಿ ಮಾಡಿದರೂ ಅದಕ್ಕೆ ಸರಿಹೊಂದಬೇಕು, ಚರ್ಮದ ಸಾಮಾನಿನ ಮಾದರಿಗಳು ಕೆಲವು ಅಲ್ಲೇ ಇರಬಹುದು ಎಂದರು. ನಂಜುಂಡನಿಗೆ ಹೇಳಿದೆ, ಅಪ್ಪನ ಕಥೆಯನ್ನೂ ಹೇಳಿದೆ. ಅವನೂ ಬರುತ್ತೇನೆಂದು ಹೊರಟ.

ಕಾಲುವೆಯ ಬಾಗಿಲು

ಬಸ್ಸಿನ ಟಿಕೆಟು ಕೊಡುವವಳು ನಮ್ಮನ್ನು ಪ್ರೀತಿಯಿಂದ "ನನ್ನ ಬಾತುಕೋಳಿ" ಎಂದು ಕರೆದಳು. ಅದು ಆ ಕಡೆಯ ವಾಡಿಕೆ, ನಾವು ಅಪ್ಪ ಅಮ್ಮ ಎಂದು ಕಂಡವರಿಗೆಲ್ಲ ಸೇರಿಸುವ ಹಾಗೆ. ನಂಜುಂಡ ಇದನ್ನು ಅರಗಿಸಿಕೊಳ್ಳಲು ಹೆಣಗುತ್ತಿದ್ದಾಗ ನಾವು ಇಳಿಯಬೇಕಾದ ಜಾಗ ದಾಟಿ ಹೋಯಿತು. ಮುಂದಿನ ನಿಲುಗಡೆಯಲ್ಲಿ ಇಳಿದು ಕಾಲುವೆಯ ದಂಡೆ ಹಿಡಿದು ಕೆಸರಿನಲ್ಲಿ ಹಿಂದಕ್ಕೆ ನಡೆದೆವು. ಬೂಟಿನ ಊರಿನಲ್ಲಿ ಕೊಂಡ ನನ್ನ ಹೊಸ ಬೂಟು ಅರ್ಧ ದಾರಿಗೇ ನೀರು ಕುಡಿಯಿತು.

ಆದರೆ ಹಾಗೆ ಬಂದದ್ದೇ ಒಳ್ಳೆಯದಾಯಿತು. ಆ ಉಗ್ರಾಣವನ್ನು ನೀರಿನ ಕಡೆಯಿಂದಲೇ ನೋಡಬೇಕು. ದೊಡ್ಡ ಕಾಲುವೆಯಿಂದ ಒಂದು ಕವಲು ತೆಗೆದು ನೇರವಾಗಿ ಉಗ್ರಾಣದ ಒಳಕ್ಕೇ ಹರಿಸಿದ್ದಾರೆ. ಸುತ್ತಲೂ ಎತ್ತರದ ಇಟ್ಟಿಗೆ ಗೋಡೆ. ಕಾಲುವೆ ಗೋಡೆಯೊಳಗೆ ನುಗ್ಗುವ ಕಡೆ ಅದರ ಮೇಲೊಂದು ಬಾಗಿಲ ಮನೆ, ಅದರ ನೆತ್ತಿಯಲ್ಲಿ ಗಡಿಯಾರ. ಬಾಗಿಲು ಎಂದರೆ ನಮ್ಮ ಕೋಟೆಗಳ ಹಾಗೆ ಎರಡು ರೆಕ್ಕೆಯದಲ್ಲ. ಮೇಲಿನಿಂದ ನೀರಿನೊಳಕ್ಕೆ ಇಳಿಬಿಡುವ ದಪ್ಪ ಸರಳುಗಳ ಜಾಲರಿ. ದೋಣಿ ಬಂದಾಗ ಮೇಲೆತ್ತುತ್ತಿದ್ದರು, ಒಳಗೆ ಹೋದ ಮೇಲೆ ಇಳಿಸುತ್ತಿದ್ದರು. ಈಗ ಕವಲಿಗೆ ದೋಣಿ ಬರುವುದಿಲ್ಲ, ಹೂಳು ತುಂಬಿ ಜೊಂಡು ಬೆಳೆದಿದೆ. ನಂಜುಂಡ ರಾಟೆ ಸರಪಳಿಗಳನ್ನು ನೋಡುತ್ತ ಅಲ್ಲೇ ನಿಂತುಬಿಟ್ಟ. "ನೀರಿಗೇ ಬೀಗ ಹಾಕವ್ರಲ್ಲಪ್ಪಾ!" ಎಂದ.

ಗೇಟಿನಲ್ಲಿ ನಮ್ಮನ್ನು ಎದುರುಗೊಂಡವರು ಉಗ್ರಾಣ ನೋಡಿಕೊಳ್ಳುವ ಡಾಬ್ಸ್ ಎಂಬ ವಯಸ್ಸಾದವರು. ಸೈನ್ಯ ಖಾಲಿ ಮಾಡುತ್ತಿದ್ದುದರಿಂದ ಉಳಿದವರು ಇವರೂ ಒಂದು ಬೆಕ್ಕೂ. ಅವರು ಆಡಿದ್ದು ಇಂಗ್ಲಿಷಿನಲ್ಲೇ ಆದರೂ ಅದನ್ನು ನಮ್ಮೂರ ಮಾತಿನಲ್ಲಿ ಬರೆಯುತ್ತಿದ್ದೇನೆ, ನನ್ನ ಕಿವಿಗೆ ಅದು ಹಾಗೇ ಕೇಳಿಸಿತು. ನಮ್ಮ ಬೂಟು ನೋಡಿ ಅವರು ಮೊದಲು ಹೇಳಿದ್ದು, "ಒಲೆ ಹತ್ರ ಬನ್ರಪ್ಪಾ, ಕಾಲು ಒಣಗಿಸ್ಕೊಳ್ಳಿ. ಜೀನು ಎಲ್ಲೂ ಓಡೋಗಲ್ಲ."

ಟೀ ಕುಡಿಯುತ್ತ ಉಗ್ರಾಣದ ಚರಿತ್ರೆ ಹೇಳಿದರು. ಫ್ರೆಂಚರು ಸಮುದ್ರ ದಾಟಿ ಬಂದುಬಿಡುತ್ತಾರೆ ಎಂದು ದೇಶವೆಲ್ಲ ಹೆದರಿದ್ದ ಕಾಲದಲ್ಲಿ ಇದನ್ನು ಕಟ್ಟಿದರಂತೆ. ಎಲ್ಲ ದಿಕ್ಕಿನ ಸಮುದ್ರಕ್ಕೂ ಆದಷ್ಟು ದೂರವಿರಲಿ ಎಂದು ದೇಶದ ಹೊಕ್ಕುಳಲ್ಲಿ ಜಾಗ ಹುಡುಕಿದರು. ಶತ್ರು ಲಂಡನ್ನಿಗೆ ಬಂದರೆ ರಾಜನ ಮನೆಯವರೂ ಇಲ್ಲಿಗೇ ಬಂದು ಬಚ್ಚಿಟ್ಟುಕೊಳ್ಳುವುದೆಂದು ಮಾತಾಗಿತ್ತು ಎಂದು ಹಳ್ಳಿಯವರು ಹೇಳುತ್ತಾರೆ. ಫ್ರೆಂಚರೂ ಬರಲಿಲ್ಲ, ರಾಜನೂ ಬರಲಿಲ್ಲ.

ನಮ್ಮಲ್ಲಿ ಹೆದರಿಕೆಯಾದರೆ ಬೆಟ್ಟ ಹತ್ತುತ್ತಾರೆ. ನಂದಿಯಲ್ಲಿ, ಗುಡಿಬಂಡೆಯಲ್ಲಿ ಮದ್ದನ್ನೂ ಧಾನ್ಯವನ್ನೂ ನೆತ್ತಿಗೆ ಹೊತ್ತು ಕೂತುಕೊಂಡರು. ಇವರು ತಗ್ಗಿಗೆ ಇಳಿದು ನೀರಿನ ಪಕ್ಕ ಕೂತರು. ಹೊರುವ ಕಷ್ಟವಿಲ್ಲ, ಒಂದು ಕುದುರೆ ಎಳೆದರೆ ದೋಣಿ ತುಂಬ ಕೋವಿ ಬರುತ್ತದೆ. ಇದನ್ನು ಡಾಬ್ಸ್ ಅವರಿಗೆ ಹೇಳಿದಾಗ, "ನಿಮ್ಮ ಕಡೆ ಬೆಟ್ಟ ಐತೆ, ಹತ್ತಿದ್ರಿ. ನಮಗೆಲ್ಲೈತೆ?" ಎಂದರು.

ಚರ್ಮದ ಮಹಡಿ

ಕಾಲುವೆಯ ಎರಡೂ ಕಡೆ ಸಾಲಾಗಿ ಎಂಟು ಉಗ್ರಾಣಗಳು. ಎರಡೆರಡು ಅಂತಸ್ತು, ಕಂದು ಇಟ್ಟಿಗೆ, ಮೂಲೆಗಳಿಗೆ ಕಲ್ಲಿನ ಕಟ್ಟು, ಮೇಲೆ ಕಪ್ಪು ಹಲಗೆಗಲ್ಲಿನ ಸೂರು. ಒಂದರ ಹಾಗೆ ಇನ್ನೊಂದು, ಅಲಂಕಾರ ಎಂಬುದು ಹೆಸರಿಗೂ ಇಲ್ಲ. ಆದರೂ ನಿಂತು ನೋಡಬೇಕೆನಿಸುತ್ತದೆ. ಕಿಟಕಿಗಳ ಅಳತೆ, ಸಾಲು, ಗೋಡೆಯ ನೇರ ಎಲ್ಲ ಯಾರೋ ತುಂಬ ತಾಳ್ಮೆಯಿಂದ ಮಾಡಿದ ಕೆಲಸ. ದೋಣಿಯಿಂದ ಸಾಮಾನನ್ನು ನೇರವಾಗಿ ಬಾಗಿಲಿಗೇ ಇಳಿಸುವ ಹಾಗೆ ದಂಡೆ ಕಟ್ಟಿದ್ದಾರೆ.

ಜೀನು ಲಗಾಮು ಇಡುವುದಕ್ಕೆ ಒಂದು ಉಗ್ರಾಣದ ಮೇಲಂತಸ್ತು. ಅದರೊಳಗೆ ಕಾಲಿಟ್ಟವನು ಬಾಗಿಲಲ್ಲೇ ನಿಂತುಬಿಟ್ಟೆ. ಈ ತುದಿಯಿಂದ ಆ ತುದಿಗೆ ಮರದ ನೆಲ. ದಪ್ಪ ತೊಲೆಗಳು. ಎರಡೂ ಕಡೆಯಿಂದ ಬೆಳಕು. ನೆಲದ ಮಟ್ಟದಲ್ಲಿ ಗಾಳಿಯಾಡಲು ಗೋಡೆಯಲ್ಲಿ ಸಣ್ಣ ಕಿಂಡಿಗಳು, ಹುಳುಮನೆಯಲ್ಲಿ ಬಿಡುತ್ತಾರಲ್ಲ, ಹಾಗೆ. ಚಳಿಗೆ ಚರ್ಮ ಬಿರಿಯಬಾರದು, ಮಳೆಗೆ ಬೂಸಲು ಹಿಡಿಯಬಾರದು ಎಂದು ಒಲೆ. ಪ್ರತಿ ಜೀನಿಗೂ ಒಂದು ಮರದ ಗೂಟ.

ಚರ್ಮಕ್ಕೋಸ್ಕರ ಇಷ್ಟೆಲ್ಲ ಮಾಡಿದ್ದರು! ಊರಿನೊಳಗೆ ತರಬಾರದೆಂದು ನಮ್ಮವರು ಬೇಲಿಯ ಮೇಲೆ ಒಣಗಿಸುವ ಚರ್ಮಕ್ಕೆ ಇಲ್ಲಿ ನಮ್ಮ ತಾಲ್ಲೂಕು ಕಚೇರಿಗಿಂತ ಒಳ್ಳೆಯ ಕಟ್ಟಡ. ನನಗೆ ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು. ನಂಜುಂಡ ಹಿಂದಿನಿಂದ, "ಎಂಥಾ ಹಾಲಪ್ಪಾ! ಎರಡು ಮದುವೆ ಒಟ್ಟಿಗೆ ಮಾಡ್ಬಹುದು" ಎಂದ. ಅವನಿಗೆ ಅದೇ ಕಂಡಿತು.

ಮಾದರಿಗಳ ಕೋಣೆ

ಮಹಡಿಯ ಕೊನೆಗೆ ಬೀಗ ಹಾಕಿದ ಒಂದು ಸಣ್ಣ ಕೋಣೆ. ಬಿಟ್ಟುಹೋಗುವ ಗಡಿಬಿಡಿಯಲ್ಲೂ ಇದೊಂದನ್ನು ಡಾಬ್ಸ್ ಅವರು ಮುಟ್ಟಿರಲಿಲ್ಲ. ಒಳಗೆ ಗೋಡೆಯ ತುಂಬ ಮೊಳೆಗಳು, ಮೊಳೆಗೊಂದು ಸಾಮಾನು, ಪ್ರತಿಯೊಂದಕ್ಕೂ ಕೆಂಪು ಅರಗಿನ ಮುದ್ರೆ. ಇವೆಲ್ಲ ಮುಂದಿನ ವಾರ ಯಾವುದೋ ಸೈನ್ಯದ ಸಂಗ್ರಹಾಲಯಕ್ಕೆ ಹೋಗುವುದಿತ್ತು.

ಹೇಸರಗತ್ತೆಯ ಎದೆಪಟ್ಟಿಯನ್ನು ಹುಡುಕುವ ಕಷ್ಟವೇ ಆಗಲಿಲ್ಲ. ಬಾಗಿಲ ಪಕ್ಕದಲ್ಲೇ ತೂಗುತ್ತಿತ್ತು. ಅಪ್ಪ ಎಷ್ಟೋ ಸಲ ನೆಲದ ಮೇಲೆ ಇದ್ದಿಲಿನಿಂದ ಬರೆದು ತೋರಿಸಿದ್ದ ಆಕಾರವೇ. ಡಾಬ್ಸ್ ಅವರನ್ನು ಕೇಳಿ ಕೈಗೆ ತೆಗೆದುಕೊಂಡೆ. ಹೊಲಿಗೆಯ ಕೊನೆಯನ್ನು ಬೆಳಕಿಗೆ ಹಿಡಿದೆ.

ದಪ್ಪ ಹೊಲಿಗೆ ಇರಲಿಲ್ಲ. ಕೊನೆಯವರೆಗೂ ಒಂದೇ ಸಮ.

"ನೋಡೋ, ನಂಜುಂಡ, ನೋಡೋ!" ಎಂದು ಕೂಗಿದೆ. ಅಪ್ಪನ ಕಣ್ಣು ಸರಿಯಾಗಿಯೇ ಕಂಡಿತ್ತು. ಆ ಅಧಿಕಾರಿ ಒಮ್ಮೆ ತಿರುಗಿ ನೋಡಿದ್ದರೂ ಸಾಕಾಗಿತ್ತು. ಡಾಬ್ಸ್ ಅವರಿಗೆ ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ, ನನ್ನ ತಂದೆ ಚರ್ಮ ಹೊಲಿಯುವವನು ಎಂಬ ಮಾತು ತಡವರಿಸದೆ ಬಾಯಿಂದ ಬಂತು. ಊರಿನಲ್ಲಿ ಯಾರ ಮುಂದೆಯೂ ಅದು ಹಾಗೆ ಬಂದಿರಲಿಲ್ಲ.

ಆದರೆ ಅರ್ಧ ಮಾತ್ರ ಗೊತ್ತಾದಂತಾಯಿತು. ಒಳಗೆ ಗಂಟು ಇದೆ ಎಂದು ಅಪ್ಪ ಹೇಳಿದ್ದ. ಇದೆಯೇ? ಎರಡು ಪದರ ಬಿಡಿಸದೆ ಹೇಗೆ ತಿಳಿಯುವುದು? ಪಟ್ಟಿಯ ತುದಿಗೆ ದಾರ ಸುತ್ತಿ ಅದರ ಮೇಲೆ ಮುದ್ರೆ ಒತ್ತಿದ್ದರು. ತುದಿ ಬಿಚ್ಚಬೇಕಾದರೆ ಮುದ್ರೆ ಒಡೆಯಲೇಬೇಕು. ಕೇಳಿಯೇಬಿಟ್ಟೆ. ಡಾಬ್ಸ್ ಅವರ ಮುಖ ಬಿಗಿಯಿತು.

"ಆಗಲ್ಲ ಕಣಪ್ಪಾ. ನಾನಿಲ್ಲಿಗೆ ಸೇರ್ದಾಗ ಹೇಳಿದ್ದು ಒಂದೇ ಮಾತು, ಮುದ್ರೆ ಮುಟ್ಬೇಡ ಅಂತ. ಜನರಲ್ ಬಂದ್ರೂ ಮುಟ್ಟಕ್ ಬಿಟ್ಟಿಲ್ಲ."

ನಂಜುಂಡ ನನ್ನ ಕಿವಿಯಲ್ಲಿ ತೆಲುಗು ಬೆರೆಸಿ, "ವದ್ದಪ್ಪಾ, ಬೇಡ. ಹೊರಗಡೇದು ಸರಿ ಐತಲ್ಲ, ಒಳಗಡೇನೂ ಸರಿಯಾಗೇ ಐತೆ ಅಂದ್ಕೋ. ಊರಿಗೋಗಿ ಹಂಗೇ ಹೇಳು" ಎಂದ. ಅವನ ಮಾತಿನಂತೆ ಮಾಡಿದ್ದರೆ ಎಲ್ಲರಿಗೂ ಸುಖವಾಗಿರುತ್ತಿತ್ತು. ಪಟ್ಟಿಯನ್ನು ಮೊಳೆಗೆ ಹಾಕಿದೆ.

ಮದ್ದಿನ ಮನೆ

ಊಟಕ್ಕೆ ಮೊದಲು ಡಾಬ್ಸ್ ಅವರು ಕಾಲುವೆಯ ಇನ್ನೊಂದು ತುದಿಯಲ್ಲಿರುವ ಮದ್ದಿನ ಮನೆಗಳಿಗೆ ಕರೆದುಕೊಂಡು ಹೋದರು. ಅವಕ್ಕೆ ಇನ್ನೊಂದು ಬೇರೆ ಗೋಡೆ, ಬೇರೆ ಬಾಗಿಲು. ಒಂದು ಮದ್ದಿನ ಮನೆ, ಪಕ್ಕದಲ್ಲಿ ಅಷ್ಟೇ ದೊಡ್ಡದಾದ ಇನ್ನೊಂದು ಕಟ್ಟಡ, ಮತ್ತೆ ಮದ್ದಿನ ಮನೆ. ನಡುವಿನ ಕಟ್ಟಡದಲ್ಲಿ ಏನಿಡುತ್ತಿದ್ದಿರಿ ಎಂದು ಕೇಳಿದೆ. ಬರೀ ಮಣ್ಣು! ಒಂದು ಸಿಡಿದರೆ ಇನ್ನೊಂದಕ್ಕೆ ಹತ್ತದಿರಲಿ ಎಂದು ಇಟ್ಟಿಗೆಯಲ್ಲಿ ಮನೆ ಕಟ್ಟಿ ಅದರ ತುಂಬ ಮಣ್ಣು ತುಂಬಿದ್ದಾರೆ. ಇಷ್ಟು ವರ್ಷದಲ್ಲಿ ಒಂದೂ ಸಿಡಿದಿಲ್ಲವಂತೆ.

ಒಳಗೆ ಕೆಲಸ ಮಾಡುವವರು ಬೂಟು ಬಿಟ್ಟು ಮೆತ್ತನೆಯ ಮೆಟ್ಟು ಹಾಕಿಕೊಳ್ಳಬೇಕಿತ್ತು. ಬೂಟಿನ ಮೊಳೆಯಿಂದ ಕಿಡಿ ಹಾರಿದರೆ ಕಥೆ ಮುಗಿಯಿತು. ಡಾಬ್ಸ್ ಅವರು ಈಗಲೂ ಹೊಸ್ತಿಲಲ್ಲಿ ಬೂಟು ಬಿಚ್ಚಿದರು, ಒಳಗೆ ಮದ್ದು ಇಲ್ಲದಿದ್ದರೂ. ನಾವಿಬ್ಬರೂ ಅವರು ಹೇಳುವ ಮೊದಲೇ ಬಿಚ್ಚಿದ್ದೆವು. ನಮಗೆ ಹೊಸ್ತಿಲು ಕಂಡರೆ ಕಾಲು ತಾನೇ ನಿಲ್ಲುತ್ತದೆ.

ಅಲ್ಲೇ ಗೋಡೆಗೆ ಒರಗಿ ಬ್ರೆಡ್ಡು ತಿಂದೆವು. ಆ ಜನ ಸ್ವಂತ ವಿಷಯ ಕೇಳುವುದಕ್ಕೆ ಸಂಕೋಚಪಡುತ್ತಾರೆ. ಆದರೂ ಕೊನೆಗೆ ಡಾಬ್ಸ್ ಅವರು, "ನಿಮ್ಮಪ್ಪ ಆಮೇಲೆ ಏನ್ ಮಾಡ್ದ?" ಎಂದರು.

"ಊರಲ್ಲೇ ಇದ್ದಾನೆ. ಬಾವಿಯಿಂದ ನೀರೆತ್ತೋ ಚರ್ಮದ ಬಾನಿ ಹೊಲೀತಾನೆ. ಈಗ ಕರೆಂಟಿನ ಪಂಪು ಬಂದು ಅದೂ ಕಮ್ಮಿ ಆಗಿದೆ."

"ಅವನಿಗಿನ್ನೂ ಇದು ಮನಸ್ಸಲ್ಲೈತಾ?"

"ದಿನಾ."

ಅವರು ಬ್ರೆಡ್ಡಿನ ಚೂರುಗಳನ್ನು ಒದರಿ ಎದ್ದರು. "ನಾನೂ ದಿನಾ ಆ ಕೋಣೆ ಗುಡಿಸ್ತೀನಿ. ಮುಂದಿನ ವಾರ ಎಲ್ಲಾ ಹೊರಟೋಗ್ತವೆ, ನಾನೂ ಹೊರಡ್ತೀನಿ. ಒಳಗೇನೈತೆ ಅಂತ ನನಗೂ ಗೊತ್ತಿಲ್ಲ. ಮುದ್ರೆ ಒತ್ತೋ ಅಚ್ಚು ನನ್ನ ಮೇಜಿನಲ್ಲೇ ಐತೆ. ಬಿಚ್ಚಿದ್ರೆ ವಾಪಸ್ ಹೊಲೀತೀಯಾ?"

"ಹೊಲೀತೀನಿ" ಎಂದೆ.

ಮತ್ತೆ ಅದೇ ಕೋಣೆ

ಮುದ್ರೆಯನ್ನು ಡಾಬ್ಸ್ ಅವರೇ ಒಡೆದರು. ಅದನ್ನು ನನ್ನ ಕೈಗೆ ಬಿಡಲಿಲ್ಲ. ಆಮೇಲೆ ಚಾಕು ಕೊಟ್ಟರು. ಕೊನೆಯ ಕೆಲವು ಹೊಲಿಗೆಗಳನ್ನು ಒಂದೊಂದಾಗಿ ಬಿಡಿಸಿ ಎರಡು ಪದರಗಳನ್ನು ಬೆರಳಿನಿಂದ ಅಗಲಿಸಿದೆ. ನಂಜುಂಡ ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ. ಗಂಟು ಇರಲಿ ಎಂದು ನಾನು ನಮ್ಮೂರಿನ ದೇವರಿಗೆಲ್ಲ ಹೇಳಿಕೊಂಡೆ. ನಮ್ಮನ್ನು ಒಳಗೆ ಬಿಡದ ದೇವರಿಗೂ ಹೇಳಿಕೊಂಡೆ.

ಗಂಟು ಇರಲಿಲ್ಲ. ಏನೂ ಇರಲಿಲ್ಲ. ದಾರದ ಎರಡು ತುದಿಗಳನ್ನು ಸುಮ್ಮನೆ ಕತ್ತರಿಸಿ, ಒಳಕ್ಕೆ ತಳ್ಳಿ, ಮೇಲೆ ಸ್ವಲ್ಪ ಮೇಣ ಮೆತ್ತಿದ್ದರು. ಎರಡು ದಿನ ಎಳೆದಿದ್ದರೆ ಬಿಚ್ಚಿಕೊಳ್ಳುತ್ತಿತ್ತು. ಆದರೆ ಮಾದರಿಯನ್ನು ಯಾವ ಹೇಸರಗತ್ತೆಯೂ ಹಾಕಿಕೊಳ್ಳುವುದಿಲ್ಲ, ಅದು ಮೊಳೆಗೆ ತೂಗುತ್ತದೆ ಅಷ್ಟೆ. ಯಾರೋ ಒಬ್ಬ, ಸಂಜೆ ಮನೆಗೆ ಹೋಗುವ ಅವಸರದಲ್ಲಿ, ಕೆಲಸ ಮುಗಿಸಿ ಕೈ ತೊಳೆದುಕೊಂಡಿದ್ದ.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅಪ್ಪ ಗೋಡೆಯ ಮೇಲಿನ ಮಾದರಿಯನ್ನು ನೋಡಿ ಅದನ್ನು ಮಾಡಿದವನು ತನ್ನಂಥವನೇ ಎಂದುಕೊಂಡಿದ್ದ. ಸೀಮೆಯವನು, ಮುದ್ರೆ ಬಿದ್ದ ಮಾದರಿ, ಅಂಥವನು ಕೆಲಸ ಕದ್ದಾನೇ ಎಂದು ಅವನ ನಂಬಿಕೆ. ಪ್ರಾಣಿಯ ಎದೆಗೆ ನೋವಾಗದಿರಲಿ ಎಂದು ಯೋಚಿಸಿದವನು ಅಪ್ಪ ಒಬ್ಬನೇ. ಮೋಸದ ಕೆಲಸ ಎನ್ನಿಸಿಕೊಂಡವನೂ ಅವನೊಬ್ಬನೇ.

ಡಾಬ್ಸ್ ಅವರು ಸ್ಟೂಲಿನ ಮೇಲೆ ಕೂತುಬಿಟ್ಟರು. "ಇದನ್ನಾ ನಾನು ಕಾದಿದ್ದು?" ಎಂದರು. ಅವರನ್ನು ನೋಡಿ ನನ್ನ ಸಿಟ್ಟು ಸ್ವಲ್ಪ ಇಳಿಯಿತು.

"ಇದ್ದ ಹಾಗೇ ಹೊಲೀಬೇಕಾ?" ಎಂದು ಕೇಳಿದೆ.

ಅವರು ತುಸು ಹೊತ್ತು ಪಟ್ಟಿಯನ್ನೇ ನೋಡಿದರು. "ಹೊರಗಡೆ ಇದ್ದ ಹಾಗೇ ಕಾಣ್ಬೇಕು. ಒಳಗಡೆ ನಿನ್ನಿಷ್ಟ."

ಚರ್ಮ ಚುಚ್ಚುವ ಆರೆ, ಸೂಜಿ, ದಾರ, ಮೇಣ ಎಲ್ಲ ಅಲ್ಲೇ ಇದ್ದವು. ಹೊಲಿಯುವಾಗ ಚರ್ಮವನ್ನು ಕಚ್ಚಿ ಹಿಡಿಯುವ ಮರದ ಇಕ್ಕಳ ಮಾತ್ರ ಹರಾಜಿನಲ್ಲಿ ಹೋಗಿತ್ತು. ಎರಡು ಕೈಯಲ್ಲಿ ಎರಡು ಸೂಜಿ ಹಿಡಿದರೆ ಪಟ್ಟಿಯನ್ನು ಯಾರಾದರೂ ಮಂಡಿಗಳ ನಡುವೆ ಅವುಚಿ ಹಿಡಿಯಬೇಕು. ಊರಿನಲ್ಲಿ ಅಪ್ಪನಿಗೆ ಅಮ್ಮ ಹಾಗೆ ಹಿಡಿದುಕೊಡುತ್ತಾಳೆ. ಡಾಬ್ಸ್ ಅವರಿಗೆ ಮಂಡಿ ಮಡಿಸಲು ಆಗುವುದಿಲ್ಲ. ನಾನು ನಂಜುಂಡನ ಕಡೆ ನೋಡಲಿಲ್ಲ.

ಅವನೇ ಕೋಟು ಬಿಚ್ಚಿ ನೆಲದ ಮೇಲೆ ಕೂತ. "ಕೊಡಪ್ಪಾ ಇಲ್ಲಿ" ಎಂದು ಪಟ್ಟಿ ತೆಗೆದುಕೊಂಡು ಮಂಡಿಗಳ ನಡುವೆ ಬಿಗಿಯಾಗಿ ಹಿಡಿದ. "ನಮ್ಮಜ್ಜಿ ಇದನ್ನ ನೋಡಿದ್ರೆ ನನ್ನನ್ನ ಬಾವಿಕಟ್ಟೆ ಹತ್ರಾನೂ ಬಿಡ್ತಿರ್ಲಿಲ್ಲ. ಊರಲ್ಲಿ ಯಾರಿಗೂ ಹೇಳ್ಬೇಡ ಮಾರಾಯ."

"ಹೇಳಲ್ಲ, ಬರೀತೀನಿ" ಎಂದೆ. ನಕ್ಕ. ನಗುವಾಗ ಪಟ್ಟಿ ಅಲ್ಲಾಡಿತು, ಬೈದೆ.

ಹಳೆಯ ತೂತುಗಳಲ್ಲೇ ಹೊಲಿದೆ. ಕೊನೆಯ ತೂತಿಗೆ ಬಂದಾಗ ಎರಡೂ ಸೂಜಿಗಳನ್ನು ಪದರಗಳ ನಡುವೆ ತೆಗೆದು, ಗಂಟು ಹಾಕಿ, ಗಂಟನ್ನು ಚಪ್ಪಟೆಯಾಗಿ ಒತ್ತಿ, ಒಳಗೆ ಸೇರಿಸಿ ಮುಚ್ಚಿದೆ. ಇದನ್ನು ನಾನು ಕಾಲೇಜಿನಲ್ಲಿ ಕಲಿತದ್ದಲ್ಲ. ಡಾಬ್ಸ್ ಅವರು ಕೈಗೆ ತೆಗೆದುಕೊಂಡು ತುದಿಯನ್ನು ಜೋರಾಗಿ ಎಳೆದು ನೋಡಿದರು. ಇನ್ನೊಮ್ಮೆ ಎಳೆದರು. ಹೋಗಿ ಅರಗು ಕಾಯಿಸಿಕೊಂಡು ಬಂದು ಮುದ್ರೆ ಒತ್ತಿದರು. ಅದನ್ನು ಮೊಳೆಗೆ ಹಾಕಿ, ಮೂವರೂ ಅಲ್ಲಿಂದ ಹೊರಗೆ ಬಂದೆವು.

ಕಾಲೇಜಿಗೆ ಬೇಕಾದ ಜೀನುಗಳನ್ನು ಆರಿಸುವುದು ನನಗೆ ಮರೆತೇಹೋಗಿತ್ತು. ಅದಕ್ಕಾಗಿ ಮಾರನೆಯ ದಿನ ಇನ್ನೊಮ್ಮೆ ಬರಬೇಕಾಯಿತು. ಅದೇ ಬಸ್ಸು, ಅದೇ ಹೆಂಗಸು, ಅದೇ ಬಾತುಕೋಳಿ.

ಜಂಗಮಕೋಟೆ

ಇದನ್ನು ಅಪ್ಪನಿಗೆ ಕಾಗದದಲ್ಲಿ ಬರೆಯಲಿಲ್ಲ. ಅವನಿಗೆ ಓದು ಬರುವುದಿಲ್ಲ, ಬೇರೆ ಯಾರ ಬಾಯಿಂದಲೂ ಅವನು ಇದನ್ನು ಕೇಳುವುದು ನನಗೆ ಬೇಕಿರಲಿಲ್ಲ. ಹಡಗಿನಲ್ಲಿ ಬರುವಾಗ, ಅವತ್ತು ನಂಜುಂಡ ಕಿವಿಯಲ್ಲಿ ಹೇಳಿದ್ದ ಸುಳ್ಳನ್ನೇ ಹೇಳಿಬಿಡಲೇ ಎಂದು ಎಷ್ಟೋ ಸಲ ಅಂದುಕೊಂಡೆ. ಒಳಗೂ ಗಂಟು ಇತ್ತಪ್ಪಾ ಎಂದರೆ ಮುಗಿಯಿತು. ಯಾರು ಹೋಗಿ ನೋಡುತ್ತಾರೆ?

ಮನೆಗೆ ಬಂದ ದಿನ ಕೇರಿಯವರೆಲ್ಲ ಬಂದು ಹೋದ ಮೇಲೆ ಅಪ್ಪ ಜಗಲಿಯ ಮೇಲೆ ನನ್ನ ಪಕ್ಕದಲ್ಲಿ ಕೂತ. ನನಗೆ ತಿಳಿದಿತ್ತು. ಅವನು ಕೇಳುವ ಮೊದಲೇ ಹೇಳಿದೆ.

"ಸಿಕ್ತಪ್ಪಾ. ದಪ್ಪ ಹೊಲಿಗೆ ಇರ್ಲಿಲ್ಲ. ನೀನೇಳಿದ್ದೇ ಸರಿ."

ಅಪ್ಪ ತಲೆಯಾಡಿಸಿದ. "ಒಳಗೆ?"

ಅವನ ಮುಖ ನೋಡಿದ ಮೇಲೆ ಸುಳ್ಳು ನಾಲಿಗೆಗೆ ಬರಲಿಲ್ಲ. "ಒಳಗೆ ಗಂಟು ಇರ್ಲಿಲ್ಲ. ದಾರಾನ ಸುಮ್ನೆ ಕುಯ್ದು ಮೇಣ ಮೆತ್ತಿದ್ರು."

"ಮಾದ್ರೀಗೇ?"

"ಮಾದ್ರೀಗೇ."

ಅಪ್ಪನಿಗೆ ಕೋಪ ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಅವನ ಹೆಗಲು ಕುಸಿದ ಹಾಗಾಯಿತು, ಅದನ್ನು ನೋಡಲಾಗಲಿಲ್ಲ. "ನಾನು ಅವನನ್ನ ಎಷ್ಟು ದೊಡ್ಡ ಕೆಲಸದೋನು ಅಂದ್ಕೊಂಡಿದ್ದೆ" ಎಂದ. ಆಮೇಲೆ ತಟ್ಟನೆ ನನ್ನ ಕಡೆ ತಿರುಗಿ, "ಬಿಚ್ಚಿದ್ದನ್ನ ಹಂಗೇ ಬಿಟ್ಟು ಬಂದ್ಯಾ?" ಎಂದು ಗದರಿದ.

"ಇಲ್ಲ, ಹೊಲ್ದು ಬಂದೆ."

"ಹೆಂಗ್ ಹೊಲ್ದೆ?"

"ನಿನ್ನ ಹಂಗೆ. ಒಳಗೆ ಗಂಟಾಕಿ. ಮ್ಯಾಲೆ ಮುದ್ರೇನೂ ಬಿದ್ದೈತೆ."

ಅಪ್ಪ ನನ್ನ ಬಲಗೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದ, ದಾರ ಎಳೆದ ಗುರುತು ಇನ್ನೂ ಇದೆಯೇನೋ ಎನ್ನುವ ಹಾಗೆ. ಆಮೇಲೆ ಒಳಗೆ ರೊಟ್ಟಿ ತಟ್ಟುತ್ತಿದ್ದ ಅಮ್ಮನಿಗೆ ಕೇರಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದ:

"ಲೇ, ಕೇಳ್ದೇನೇ? ಸೀಮೇಲಿರೋ ಮಾದ್ರಿ ಈಗ ನಮ್ದು ಕಣೇ!"